ನೀರಾನೆ ಸಣ್ಣಮ್ಮನ ಸಂಸಾರ

ಮೃಗಾಲಯದಲ್ಲಿ ನೀರಾನೆ ನೋಡಿಕೊಳ್ಳುವ ಕೆಲಸ ನನ್ನದು ಅಂದರೆ ಜನ ಮೊದಲು ನಗುತ್ತಾರೆ. ಆಮೇಲೆ ನನ್ನ ಮೈಕಟ್ಟನ್ನು ಒಮ್ಮೆ ನೋಡಿ ಇನ್ನೊಂದು ಸಲ ನಗುತ್ತಾರೆ. ಈ ಕೆಲಸಕ್ಕೆ ಸೇರಿದ ಮೇಲೆ ನಗುವಂಥದ್ದು ಏನೂ ಆಗದೆ ಒಂದು ವಾರ ಕಳೆದದ್ದು ನನಗೆ ನೆನಪಿಲ್ಲ. ಆದರೆ ಕೆಲವಕ್ಕೆ ಆಗ ಯಾಕೆ ಅಷ್ಟು ನಕ್ಕೆವೋ ಅಂತ ಈಗ ಅನಿಸುತ್ತದೆ.

ನಮ್ಮದು ಮಳವಳ್ಳಿ ರಸ್ತೆ ಬದಿಯ ಸಣ್ಣ ಮೃಗಾಲಯ. ಹುಲಿ ಇಲ್ಲ, ಸಿಂಹ ಇಲ್ಲ. ಜಿಂಕೆ, ನವಿಲು, ಒಂದು ಮುದಿ ಕರಡಿ, ಅಷ್ಟೆ. ಬಂದವರೆಲ್ಲ ಕೊನೆಗೆ ಹೋಗಿ ನಿಲ್ಲುವುದು ನೀರಾನೆ ಕೊಳದ ಮುಂದೆ. ನಾನು ಭಾರತೀನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಕೊಳದ ಕೆಲಸಕ್ಕೆ ನನ್ನ ಜೊತೆ ಹೆಡ್ ಕೀಪರ್ ಅಣ್ಣ ಇದ್ದಾರೆ, ಮಳವಳ್ಳಿ ಕಡೆಯವರು. ಔಷಧಿಗೆ ಡಾಕ್ಟ್ರಮ್ಮ. ಎಲ್ಲರ ಮೇಲೆ ಸಾಹೇಬರು.

ಮದುವೆಗಂಡು

ಮೊದಲು ಬಂದವಳು ಸಣ್ಣಮ್ಮ. ದೊಡ್ಡ ಮೃಗಾಲಯವೊಂದರಲ್ಲಿ ನೀರಾನೆ ಜಾಸ್ತಿಯಾಗಿ ನಮಗೊಂದು ಕೊಟ್ಟರು. "ಇದ್ದುದ್ರಲ್ಲಿ ಸಣ್ಣೋಳ್ನ ಕೊಟ್ಟವ್ರೆ, ಸಣ್ಣಮ್ಮ ಅನ್ನಾನ" ಅಂದರು ಅಣ್ಣ. ಲಾರಿಯಿಂದ ಇಳಿಯುವಾಗ ನೆಲ ಅದುರಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಎಷ್ಟೋ ದಿನ ಒಬ್ಬಳೇ ಇದ್ದಳು. ಕೊಳದ ಅಂಚಿಗೆ ಗಲ್ಲ ಇಟ್ಟು ದಾರಿ ನೋಡುವವಳ ಹಾಗೆ ಮಲಗುತ್ತಿದ್ದಳು. ನೋಡಲಾರದೆ ಸಾಹೇಬರು ಓಡಾಡಿ ಬೇರೆ ರಾಜ್ಯದಿಂದ ಒಂದು ಗಂಡು ತರಿಸಿದರು. ಅವನೇ ಬೋರ. ಅವನು ಬರುವ ದಿನ ನಾವು ಹೆಂಗಸರೆಲ್ಲ ಸೇರಿ ಅರಿಶಿನ ಸುಣ್ಣ ಕಲಸಿ ಆರತಿ ತಟ್ಟೆ ಮಾಡಿಕೊಂಡೆವು. ಕಸ ಗುಡಿಸುವ ಅಕ್ಕ ಸೋಬಾನೆ ಶುರುಮಾಡಿದಳು. ಸಾಹೇಬರು ಬಿಳಿ ಅಂಗಿ ಹಾಕಿ ಬೇಲಿಯ ಮುಂದೇ ನಿಂತರು.

ಬೋರ ಪೆಟ್ಟಿಗೆಯಿಂದ ಇಳಿದ. ನಮ್ಮನ್ನು ನೋಡಿದ. ಮೆಲ್ಲಗೆ ತಿರುಗಿ ಬೆನ್ನು ಹಾಕಿ ನಿಂತ.

"ನಾಚ್ಕೆ ಕಣವ್ವ, ನಾಚ್ಕೆ" ಅಂದಳು ಅಕ್ಕ.

ನೀರಾನೆ ಇದು ನನ್ನ ಜಾಗ ಅಂತ ಸಾರುವುದು ಹೇಗೆ ಅನ್ನುವುದು ನಮಗಿನ್ನೂ ಗೊತ್ತಿರಲಿಲ್ಲ. ಅವನ ಮೋಟು ಬಾಲ ಟೇಬಲ್ ಫ್ಯಾನಿನ ಹಾಗೆ ತಿರುಗತೊಡಗಿತು. ಅದರ ಹಿಂದೆಯೇ ಸಗಣಿ. ಆರತಿ ಆರಿತು, ಸೋಬಾನೆ ನಿಂತಿತು, ಸಾಹೇಬರ ಅಂಗಿ ಹಸಿರಾಯಿತು. ಅಣ್ಣ ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡು ಅಂದರು:

"ಬುಡಿ ಸಾ, ಎಲ್ಲಾ ಮದ್ವೇಲೂ ನಾವು ಗಂಡಿನ ಮೇಲೆ ಅಕ್ಸತೆ ಆಕ್ತೀವಿ. ಇಲ್ಲಿ ಗಂಡೇ ನಮ್ಮ ಮೇಲೆ ಆಕ್ಬುಟ್ಟ."

ಬಸ್ಸಿನಲ್ಲಿ ಬಸುರಿಯ ವಿಚಾರ

ಸಣ್ಣಮ್ಮನಿಗೆ ದಿನ ತುಂಬಿತ್ತು. ಸಂಜೆ ಮದ್ದೂರು ಬಸ್ಸಿನಲ್ಲಿ ಮನೆಗೆ ಹೊರಟಿದ್ದೆ, ಡಾಕ್ಟ್ರಮ್ಮನ ಫೋನ್ ಬಂತು. ಬಸ್ಸಿನ ಗದ್ದಲಕ್ಕೆ ನಾನು ಕೂಗಿ ಮಾತಾಡಲೇಬೇಕಾಯಿತು.

"ಇಲ್ಲ ಮೇಡಂ, ಸಣ್ಣಮ್ಮ ಬೆಳಿಗ್ಗೆಯಿಂದ ಹುಲ್ಲು ಮುಟ್ಟಿಲ್ಲ... ನೀರು ಬಿಟ್ಟು ಮೇಲೇ ಬರ್ತಿಲ್ಲ... ಗಂಡನ್ನ ಹತ್ರ ಸೇರಿಸ್ತಿಲ್ಲ, ನೆನ್ನೆ ಕಚ್ಚೇಬಿಟ್ಟಳು. ಅವನನ್ನ ಬೇರೆ ಕೂಡಿ ಬೀಗ ಹಾಕಿದೀವಿ... ಹೂಂ ಮೇಡಂ, ಹೆರಿಗೆ ನೀರಲ್ಲೇ ಆಗ್ಲಿ, ನಾವ್ಯಾರೂ ಹತ್ರ ಹೋಗಲ್ಲ."

ಫೋನ್ ಇಟ್ಟು ನೋಡಿದರೆ ಇಡೀ ಬಸ್ಸು ನನ್ನನ್ನೇ ನೋಡುತ್ತಿದೆ. ಪಕ್ಕದಲ್ಲಿ ಸೊಪ್ಪಿನ ಚೀಲ ತೊಡೆ ಮೇಲಿಟ್ಟುಕೊಂಡ ಒಬ್ಬ ಅಜ್ಜಿ ಕೂತಿದ್ದಳು.

"ನಿಮ್ಮನೆ ಎಕ್ಕುಟ್ಟೋಗ! ತುಂಬುದ್ ಬಸ್ರೀಗೆ ಉಲ್ಲು ಆಕ್ತೀರೇನವ್ವ? ಅದ್ರ ಮೇಲೆ ಗಂಡನ್ನ ಬೇರೆ ಕೂಡಾಕಿವ್ರಂತೆ!"

ಕಂಡಕ್ಟರ್ ಅಲ್ಲಿಂದಲೇ, "ಪೋಲೀಸ್ ಸ್ಟೇಸನ್ ತಾವ ನಿಲ್ಲುಸ್ಲಾ ಅಜ್ಜಿ?" ಅಂದ.

"ಅಜ್ಜಿ, ಸಣ್ಣಮ್ಮ ಅಂದ್ರೆ ಮನುಷ್ಯಳಲ್ಲ. ನೀರಾನೆ. ಮೃಗಾಲಯದ್ದು" ಅಂದೆ. ಬಸ್ಸೆಲ್ಲ ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ. ಚೀಲಕ್ಕೆ ಕೈಹಾಕಿ ಸಬ್ಬಸಿಗೆ ಸೊಪ್ಪು ಇದ್ದಷ್ಟೂ ತೆಗೆದು ನನ್ನ ಮಡಿಲಿಗೆ ಹಾಕಿದಳು.

"ಎತ್ತ್ ಮೇಲೆ ತಿನ್ಸು, ಆಲು ಚೆಂದಾಗ್ ಬತ್ತದೆ. ಇನ್ನೊಂದು ಯೇಳ್ತೀನಿ ಕೇಳು. ಬಾಣ್ತೀನ ಬಾಳಾ ವೊತ್ತು ನೀರಲ್ಲಿ ಬುಡಬ್ಯಾಡ ಕಣವ್ವ, ಸೀತ ಆಯ್ತದೆ."

ರಾಂಗ್ ನಂಬರು

ಹುಟ್ಟಿದ್ದು ಹೆಣ್ಣು ಮರಿ. ಕಪ್ಪಗೆ, ನುಣ್ಣಗೆ, ಆಗತಾನೇ ಬಕೆಟ್ಟಿನಿಂದ ಬೋರಲು ಹಾಕಿದ ಬೆಲ್ಲದ ಹಾಗಿತ್ತು. ಬೆಲ್ಲ ಅಂತಲೇ ಕರೆದೆವು. ಮಂಡ್ಯ, ಮದ್ದೂರಿನಿಂದೆಲ್ಲ ಜನ ಬಂದರು. ಕಬ್ಬು ಕಡಿಯುವವರು ಕೆಲಸ ಬಿಟ್ಟು ಹಾಗೇ ಕತ್ತಿ ಹಿಡಿದುಕೊಂಡು ಬಂದಿದ್ದರು. ಬೆಲ್ಲ ಅಮ್ಮನ ಬೆನ್ನೇರಿ ಜಾರಿ ನೀರಿಗೆ ಬೀಳುವುದು, ಜನ ಚಪ್ಪಾಳೆ ತಟ್ಟುವುದು. ಸಾಹೇಬರು ಖುಷಿಯಾಗಿ, "ಮರಿ ಇದ್ರೇನೇ ಮೃಗಾಲಯಕ್ಕೆ ಕಳೆ" ಅಂದರು.

ಕಳೆ ಇನ್ನೊಂದು ಬಂತು. ಅದೂ ಹೆಣ್ಣು. ಇಬ್ಬರಿಗೆ ಅಂತ ತೋಡಿದ ಕೊಳದಲ್ಲಿ ನಾಲ್ವರು. ಬೆಳಿಗ್ಗೆ ತುಂಬಿಸಿದ ನೀರು ಮಧ್ಯಾಹ್ನಕ್ಕೆ ಗಂಜಿ. ಬೋರನಿಗೆ ಹೊರಳಲು ಜಾಗವಿಲ್ಲ, ಸಿಟ್ಟು. ಬೆಲ್ಲನ ಬೆನ್ನ ಮೇಲೆ ಹಲ್ಲಿನ ಗಾಯ. ಡಾಕ್ಟ್ರಮ್ಮ ದಿನಾ ಔಷಧಿ ಹಚ್ಚಿದರು. ಒಂದು ದಿನ ನೇರವಾಗಿ ಸಾಹೇಬರ ಕೋಣೆಗೆ ಹೋದರು. ನಾನೂ ಅಣ್ಣನೂ ಹಿಂದೆ.

"ಸಾರ್, ಮೊದಲು ಹುಟ್ಟಿಸಿ ಆಮೇಲೆ ಜಾಗ ಹುಡುಕೋದಲ್ಲ. ಇನ್ನು ಮರಿ ಬೇಡ."

"ಅದಕ್ಕೇನಂತೆ, ಒಂದನ್ನ ಬೇರೆ ಕಡೆ ಕೊಟ್ಟರಾಯ್ತು. ಇಂಥ ಮುದ್ದು ಮರೀನ ಯಾರು ಬೇಡ ಅಂತಾರೆ?" ಅಂದ ಸಾಹೇಬರು, ನಮ್ಮೆದುರಿಗೇ ಇನ್ನೊಂದು ಮೃಗಾಲಯಕ್ಕೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ನಮಸ್ಕಾರ ಸಾರ್, ಒಂದು ನೀರಾನೆ ವಿಚಾರವಾಗಿ ಮಾಡಿದೆ..."

ಆ ಕಡೆಯವರು ಮಾತು ಮುಗಿಸಲೂ ಬಿಡಲಿಲ್ಲ. "ದೇವರು ಮಾಡಿಸಿದ ಹಾಗೆ ಮಾಡಿದ್ರಿ ಸಾರ್! ಎಷ್ಟು ಬೇಕು ಹೇಳಿ. ಗಂಡು ಬೇಕೋ ಹೆಣ್ಣು ಬೇಕೋ? ಲಾರೀನೂ ನಾವೇ ಮಾಡಿ ಕಳಿಸ್ತೀವಿ!"

ಸಾಹೇಬರು ಒಂದು ಗಳಿಗೆ ನಮ್ಮ ಮುಖ ನೋಡಿದರು. "ರಾಂಗ್ ನಂಬರ್ ಸಾರ್" ಅಂದು ಫೋನ್ ಇಟ್ಟುಬಿಟ್ಟರು.

ಆಪರೇಷನ್ನು

ಕೊಡಲು ಜಾಗವಿಲ್ಲ ಅಂದಮೇಲೆ ಹುಟ್ಟುವುದನ್ನು ನಿಲ್ಲಿಸಬೇಕು. ಹೊಳೆ ಬದಿಯ ಬ್ಲಫ್ ವಿದ್ಯುತ್ ಕೇಂದ್ರದಲ್ಲಿ ಕೆಲಸದಲ್ಲಿದ್ದ ಒಬ್ಬರು ಮಕ್ಕಳ ಜೊತೆ ನೋಡಲು ಬಂದವರು, "ನಮ್ಮ ಕಡೆ ಹೊಳೆಗೆ ಬುಡಿ ಮೇಡಂ, ಬೇಕಾದಷ್ಟು ನೀರದೆ" ಅಂತ ಸಲಹೆ ಕೊಟ್ಟರು. ಡಾಕ್ಟ್ರಮ್ಮ, "ಇದು ನಮ್ಮ ದೇಶದ ಪ್ರಾಣಿಯೇ ಅಲ್ಲ ಸಾರ್. ಇದಕ್ಕೆ ಅಲ್ಲೂ ಮನೆ ಇಲ್ಲ, ಇಲ್ಲೂ ಇಲ್ಲ" ಅಂದರು.

ಕೊನೆಗೆ ಬೋರನಿಗೆ ಆಪರೇಷನ್ ಮಾಡುವ ಮಾತು ಬಂತು. ಡಾಕ್ಟ್ರಮ್ಮ ಓದಿ, ನಾಲ್ಕಾರು ಜನರನ್ನು ಕೇಳಿ ಬಂದು ತಲೆ ಆಡಿಸಿದರು. "ಮತ್ತಿನ ಇಂಜೆಕ್ಷನ್ ಕೊಡೋದೇ ಅಪಾಯ. ಅದೂ ಅಲ್ದೆ ನೀರಾನೆಗೆ ಬೀಜ ಹೊರಗೆ ಕಾಣಲ್ಲ. ಒಳಗೆಲ್ಲೋ ಇರುತ್ತೆ, ಹುಡುಕಿದಷ್ಟೂ ಒಳಕ್ಕೆ ಸರಿದುಬಿಡುತ್ತಂತೆ."

ಅಣ್ಣ ಹುಲ್ಲಿನ ಹೊರೆ ಬಿಚ್ಚುತ್ತಾ, ತಲೆ ಎತ್ತದೆಯೇ ಅಂದರು: "ಅದ್ರಲ್ಲಿ ಇಸೇಸ ಏನದೆ ಮೇಡಂ? ನಮ್ಮೂರಲ್ಲೂ ಅಂಗೇಯ. ಆಪರೇಸನ್ನು ಅಂದೇಟ್ಗೆ ಗಂಡಸ್ರು ಯಾರೂ ಸಿಕ್ಕಾಕಿಲ್ಲ."

ಡಾಕ್ಟ್ರಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಮಾರನೇ ವಾರ ಕೊಳದ ನಡುವೆ ಗೋಡೆ ಎದ್ದಿತು. ಆ ಕಡೆ ಸಣ್ಣಮ್ಮ, ಹೆಣ್ಣುಮಕ್ಕಳು. ಈ ಕಡೆ ಬೋರ ಒಬ್ಬನೇ.

ಪೆಟ್ಟಿಗೆಯೊಳಗಿನ ಪ್ರಾಣಿ

ಅಷ್ಟರಲ್ಲಿ ದೂರದ ಊರಿನ ಮೃಗಾಲಯವೊಂದು ಬೆಲ್ಲನನ್ನು ತೆಗೆದುಕೊಳ್ಳಲು ಒಪ್ಪಿತು. ಹೆದರಿಸಿ ನೂಕುವುದು ಬೇಡ, ತಾನಾಗಿ ಪೆಟ್ಟಿಗೆಗೆ ಹೋಗಿ ಬರುವುದನ್ನು ಕಲಿಸೋಣ ಅಂದರು ಡಾಕ್ಟ್ರಮ್ಮ. ಕಬ್ಬಿಣದ ಪೆಟ್ಟಿಗೆ ತಂದು ಕೊಳದ ಬಾಗಿಲಿಗೆ ಒತ್ತಿ ಇಟ್ಟೆವು. ಒಳಗೆ ಕುಂಬಳಕಾಯಿ ಇಡುವುದು, "ಬಾ ಬೆಲ್ಲ" ಅಂತ ಕರೆಯುವುದು. ಅವಳು ಮೂತಿ ಮಾತ್ರ ಹಾಕಿ ಕಾಯಿ ಎಳೆದುಕೊಂಡು ಹೋಗುತ್ತಿದ್ದಳು.

"ನಾವೇ ಒಳಕ್ಕೋಗಿ ತೋರುಸ್ಬೇಕು ಕಣವ್ವ, ಆಗ ಧೈರ್ಯ ಬತ್ತದೆ" ಅಂದ ಅಣ್ಣ, ಅವಳನ್ನು ರಾತ್ರಿ ಮಲಗುವ ಒಳಮನೆಗೆ ಕೂಡಿದ ಹೊತ್ತಿನಲ್ಲಿ ಪೆಟ್ಟಿಗೆಯ ಒಳಗೆ ಹೋಗಿ ಕುಂಬಳಕಾಯಿ ಜೋಡಿಸತೊಡಗಿದರು. ಬಾಗಿಲ ಕೊಕ್ಕೆ ಜಾರಿತು. ದಡಾರಂತ ಬಾಗಿಲು ಬಿತ್ತು. ಕೊಕ್ಕೆ ಸಿಕ್ಕಿಕೊಂಡು ನನ್ನ ಕೈಯಲ್ಲಿ ಎತ್ತಲಾಗಲಿಲ್ಲ. ಸಹಾಯಕ್ಕೆ ಜನ ಕರೆತರಲು ಓಡಿದೆ.

ವಾಪಸ್ ಬರುವಷ್ಟರಲ್ಲಿ ಬೇಲಿಯಾಚೆ ಕಾಲೇಜು ಹುಡುಗರ ಗುಂಪು ನಿಂತಿತ್ತು. ಪೆಟ್ಟಿಗೆಯ ಸರಳಿನ ಸಂದಿಯಲ್ಲಿ ಎರಡು ಕಣ್ಣು, ಒಂದು ಮೀಸೆ.

"ಲೇ, ಅದ್ಯಾವ ಪ್ರಾಣೀಲಾ?"

"ಬೋರ್ಡ್ ಇಲ್ಲ ಕಣ್ಲಾ. ಕರಡಿ ಇರ್ಬೇಕು."

ಪೆಟ್ಟಿಗೆ ಗುಡುಗಿತು: "ಮಳವಳ್ಳಿ ಪ್ರಾಣಿ ಕಣ್ರಲಾ! ಬಂದು ಬಾಗ್ಲು ಎತ್ರಿ, ಇಲ್ದಿದ್ರೆ ಕಚ್ತೀನಿ!"

ಆ ಮಾತು ನಮ್ಮಲ್ಲಿ ಬಹಳ ದಿನ ಓಡಾಡಿತು. ಬೆಲ್ಲನೂ ಕಲಿತಳು. ಕೊನೆಕೊನೆಗೆ ನಾನು ಕರೆದರೆ ಸಾಕು, ಕಾಯಿ ಇಲ್ಲದಿದ್ದರೂ ಓಡಿ ಬಂದು ಪೆಟ್ಟಿಗೆಯಲ್ಲಿ ನಿಲ್ಲುತ್ತಿದ್ದಳು. ಹೋಗುವ ದಿನವೂ ಹಾಗೇ ಓಡಿ ಬಂದಳು. ಬಾಗಿಲು ಇಳಿಸಿದಾಗ ಕಿವಿ ಅಲ್ಲಾಡಿಸಿ ನನ್ನ ಕಡೆ ನೋಡಿದಳು, ದಿನದ ಹಾಗೆ ಇನ್ನೇನು ತೆಗೀತಾರೆ ಅನ್ನುವಂತೆ. ಲಾರಿ ಗೇಟು ದಾಟಿದ ಮೇಲೆ ಸಣ್ಣಮ್ಮ ಕೊಳದ ಮೂಲೆ ಮೂಲೆಗೂ ಮುಳುಗಿ ಹುಡುಕಿದಳು. ಅಣ್ಣ ಉಳಿದ ಕುಂಬಳಕಾಯಿಯನ್ನು ಅವಳ ಮುಂದೆ ಒಡೆದು ಹಾಕಿದರು. ಅವಳು ಮೂಸಲೂ ಇಲ್ಲ.

"ಚೆಂದಾಗಿ ಕಲ್ಸುದ್ವಿ ಕಣವ್ವ ನಾವು" ಅಂದರು ಅಣ್ಣ. ಆ ದಿನ ಅವರು ತಮಾಷೆ ಮಾಡುತ್ತಿರಲಿಲ್ಲ.

ನಗೆಕೂಟ

ನೀರಾನೆ ಕೂಗುವುದನ್ನು ನೀವು ಕೇಳಿದ್ದೀರೋ ಇಲ್ಲವೋ. ದಪ್ಪ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ ಹಾಗೇ ಇರುತ್ತದೆ. ಹ್ಹ ಹ್ಹ ಹ್ಹ ಹ್ಹ ಅಂತ. ಗೋಡೆ ಎದ್ದ ಮೇಲೆ ಬೋರ ಅದನ್ನು ಜಾಸ್ತಿ ಮಾಡಿದ. ಜನ ಮೊಬೈಲ್ ಹಿಡಿದು, "ನೋಡ್ಲಾ, ನೀರಾನೆ ನಗ್ತದೆ!" ಅಂತ ತಾವೂ ನಗುತ್ತಿದ್ದರು.

ಒಂದು ಬೆಳಿಗ್ಗೆ ಮಂಡ್ಯದಿಂದ ಮಿನಿ ಬಸ್ಸಿನಲ್ಲಿ ನಗೆಕೂಟದವರು ಬಂದರು. ಪಾರ್ಕಿನಲ್ಲಿ ಸೇರಿ ಆರೋಗ್ಯಕ್ಕೆ ಅಂತ ನಗುತ್ತಾರಲ್ಲ, ಆ ಹಿರಿಯರು. ಸೀರೆ ಕೆಳಗೆ ಓಡುವ ಶೂ ಹಾಕಿದ ಹೆಂಗಸರು, ಮಫ್ಲರ್ ಸುತ್ತಿದ ಗಂಡಸರು. ಅವರ ಮುಖಂಡರು ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಿಂದ ನಿವೃತ್ತರಾದ ವಿಜ್ಞಾನಿ. ಎಲ್ಲರನ್ನೂ ಕೊಳದ ಮುಂದೆ ಸಾಲಾಗಿ ನಿಲ್ಲಿಸಿ, "ಎರಡೂ ಕೈ ಮೇಲಕ್ಕೆ! ಒಂದೇ ಉಸಿರಿಗೆ!" ಅಂದರು.

"ಹ್ಹ ಹ್ಹ ಹ್ಹ ಹ್ಹ!"

ನೀರಲ್ಲಿ ಮುಳುಗಿದ್ದ ಬೋರನ ಕಿವಿ ಎರಡೂ ಮೇಲೆ ಬಂದವು. ಆಮೇಲೆ ತಲೆ. ಅವನು ಅಂಚಿನವರೆಗೂ ಬಂದು ಉತ್ತರ ಕೊಟ್ಟ. "ಹ್ಹ ಹ್ಹ ಹ್ಹ ಹ್ಹ!"

ನಗೆಕೂಟದವರು ಕುಣಿದಾಡಿಬಿಟ್ಟರು. ಇವರು ನಗುವುದು, ಅವನು ಕೂಗುವುದು. "ನಮ್ಮಲ್ಲಿ ಯಾರೂ ಇಷ್ಟು ಚೆನ್ನಾಗಿ ನಗಲ್ಲ, ಇವನೇ ನಮ್ಮ ಅಧ್ಯಕ್ಷ" ಅಂದರು. ಮುಖಂಡರು ಕಣ್ಣೊರೆಸಿಕೊಳ್ಳುತ್ತಾ ನನ್ನನ್ನು ಕೇಳಿದರು, "ಅದಕ್ಕೆ ಅಷ್ಟು ಸಂತೋಷ ಯಾವುದಕ್ಕಮ್ಮ?"

ಏನಾದರೊಂದು ಹೇಳಿ ಸಾಗಹಾಕಬಹುದಿತ್ತು. ಬಾಯಿಗೆ ನಿಜವೇ ಬಂತು.

"ಅದು ನಗು ಅಲ್ಲ ಸಾರ್, ಕೂಗು. ಗೋಡೆ ಆಚೆ ಅದರ ಹೆಂಡತಿ, ಮಗಳು ಇದಾರೆ. ಮರಿ ಆದ್ರೆ ಇಡೋಕೆ ಜಾಗ ಇಲ್ಲ ಅಂತ ಬೇರೆ ಮಾಡಿದೀವಿ. ಎಲ್ಲಿದ್ದೀರಿ ಅಂತ ಕೂಗ್ತದೆ."

"ಮತ್ತೆ ನಾವು ನಕ್ಕಿದ್ದಕ್ಕೆ?"

"ನಿಮ್ಮನ್ನೂ ನೀರಾನೆ ಅಂದ್ಕೊಂಡಿರ್ಬೇಕು ಸಾರ್."

ಸಾಲಿನಲ್ಲಿದ್ದ ಒಬ್ಬ ದಪ್ಪನೆಯ ಅಮ್ಮ, "ನಮ್ಮನೆಯೋರು ಇದನ್ನ ಮದ್ವೆ ಆದಾಗಿಂದ್ಲೂ ಯೇಳ್ತಾವ್ರೆ" ಅಂದರು. ಎಂಥ ಒಳ್ಳೆಯ ಮಾತು! ಆದರೆ ನಗೆಕೂಟದಲ್ಲಿ ಒಬ್ಬರೂ ನಗಲಿಲ್ಲ.

ಬೋರ ಇನ್ನೊಂದು ಸಲ ಕೂಗಿದ. ಆ ಹೊತ್ತಿಗೆ ಸಣ್ಣಮ್ಮ ಒಳಮನೆಯಲ್ಲಿ ಹುಲ್ಲು ತಿನ್ನುತ್ತಿದ್ದಳೋ ಏನೋ, ಗೋಡೆಯಾಚೆಯಿಂದ ಸದ್ದೇ ಬರಲಿಲ್ಲ. ಅವನು ಕಿವಿ ನಮ್ಮ ಕಡೆ ತಿರುಗಿಸಿ ಕಾದ.

"ಯಾರಾದ್ರೂ ನಗ್ರಪ್ಪಾ" ಅಂದರು ಮುಖಂಡರು ಪಿಸುದನಿಯಲ್ಲಿ. "ಪಾಪ, ಕಾಯ್ತಾ ಇದಾನೆ."

ಆ ದಪ್ಪನೆಯ ಅಮ್ಮನೇ ಸೆರಗಿನಲ್ಲಿ ಮೂಗೊರೆಸಿಕೊಂಡು ಎರಡೂ ಕೈ ಎತ್ತಿದರು. "ಹ್ಹ ಹ್ಹ ಹ್ಹ..." ಪಕ್ಕದವರು ಸೇರಿಕೊಂಡರು. ಒಬ್ಬೊಬ್ಬರಾಗಿ ಇಡೀ ಸಾಲು. ಕೆನ್ನೆ ಮೇಲೆ ನೀರು ಹರಿಯುತ್ತಿದೆ, ಕೈ ಮೇಲಕ್ಕಿದೆ, ಹ್ಹ ಹ್ಹ ಹ್ಹ.

ಅದೇ ಹೊತ್ತಿಗೆ ದಾರಿಯಲ್ಲಿ ಬಂದ ಹಳ್ಳಿಯ ಹೆಂಗಸೊಬ್ಬಳು ನಿಂತು, ಬೋರನನ್ನು ನೋಡದೆ ಇವರನ್ನೇ ನೋಡಿದಳು.

"ಇವ್ರಿಗೇನಾಗದವ್ವ? ನಗ್ತಾವ್ರಾ, ಅಳ್ತಾವ್ರಾ?"

ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಅಣ್ಣ ಹೇಳಿದರು:

"ಎಲ್ಡೂ ಅಲ್ಲ ಕಣಮ್ಮ. ಬೋರಂಗೆ ಉತ್ರ ಕೊಡ್ತಾವ್ರೆ."

ಅಂದವರೇ ಹೊರೆ ಕೆಳಗಿಟ್ಟು, ಸಾಲಿನ ಕೊನೆಯಲ್ಲಿ ನಿಂತು ಎರಡೂ ಕೈ ಮೇಲೆತ್ತಿದರು.