ಮಾಮಾ ಹಣ್ಣು ಮಾಡಿದ ಕಾರು

ನಮ್ಮ ಮಾಮಾ ಒಂದು ಕಾರನ್ನು ನಾಲ್ಕು ತಿಂಗಳು ಹಣ್ಣು ಮಾಡಿದರು. ನಗಬೇಡಿ! ಹಣ್ಣಾದ ಮೇಲೆಯೇ ಅದನ್ನು ಲಾವಣಿ ಹಿಡಿದರು. ಲಾವಣಿ ಎಂದರೆ ನಮ್ಮ ಕಡೆ ಇನ್ನೊಬ್ಬರ ಹೊಲವನ್ನು ಇಷ್ಟು ವರ್ಷಕ್ಕೆ ಎಂದು ಮಾತಾಡಿ ಹಿಡಿಯುವುದು. ಕಾರನ್ನು ಹಾಗೆ ಹಿಡಿದರೆ ಪೇಟೆಯವರು ಲೀಜ್ ಎನ್ನುತ್ತಾರೆ. ಮಾಮಾರ ಪ್ರಕಾರ ಎರಡೂ ಒಂದೇ. ಮಣ್ಣಾಗಲಿ, ಯಂತ್ರವಾಗಲಿ, ತನ್ನದಲ್ಲದ್ದನ್ನು ಹಿಡಿಯುವವನಿಗೆ ಗೊತ್ತಿರಬೇಕಾದದ್ದು ಒಂದೇ ಸಂಗತಿ: ಯಾವ ದಿನ ಎಂಬುದು.

ಯಾವ ದಿನ ಎಂಬುದರಲ್ಲಿ ಅವರನ್ನು ಮೀರಿಸುವವರು ಅಥಣಿ ತಾಲೂಕಿನಲ್ಲಿ ಇರಲಿಲ್ಲ. ದ್ರಾಕ್ಷಿ ಬೆಳೆಯುವವರಿಗೆ ಕೊಯ್ಲಿನ ದಿನವೆಂದರೆ ಇಡೀ ವರ್ಷದ ತೀರ್ಪು. ಒಂದು ವಾರ ಮೊದಲಾದರೆ ಹುಳಿ. ಒಂದು ವಾರ ತಡವಾದರೆ ಅಕಾಲದ ಮಳೆ ಬಿದ್ದು ಹಣ್ಣು ಬಿರಿಯುತ್ತದೆ. ಹಾಗಾಗಿ ಹಣ್ಣು ಬಣ್ಣ ತಿರುಗುತ್ತಿದ್ದಂತೆ ಯಾರಾದರೊಬ್ಬರು ಮೋಟರ್‌ಸೈಕಲ್ ತಂದು ಮಾಮಾರ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು. ಮಾಮಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದೆ ಕೂರುತ್ತಿದ್ದರು. ತೋಟದ ನಡುವೆ ಹೋಗಿ ಗೊನೆಯ ತುದಿಯ ಒಂದು ಹಣ್ಣು ಕಿತ್ತುಕೊಳ್ಳುತ್ತಿದ್ದರು. ಮೇಲಿನದಲ್ಲ, ತುದಿಯದೇ ಆಗಬೇಕು, ಯಾಕೆಂದರೆ ಅದು ಎಲ್ಲಕ್ಕಿಂತ ಕೊನೆಗೆ ಹಣ್ಣಾಗುತ್ತದೆ. ಕಣ್ಣು ಮುಚ್ಚಿ ಕಚ್ಚಿ, ಉಗುಳಿ, ಬೆರಳೆತ್ತುತ್ತಿದ್ದರು. ಮೂರು ಬೆರಳೆಂದರೆ ಮೂರು ದಿನ. ಬೆರಳೆತ್ತದೆ ಕೈ ಝಾಡಿಸಿದರೆ ಇವತ್ತೇ ಕೊಯ್ಯಬೇಕೆಂದು ಅರ್ಥ.

ಈ ವಿದ್ಯೆಯನ್ನು ದ್ರಾಕ್ಷಿಯಲ್ಲೇ ಬಿಟ್ಟಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಮಾಮಾ ಕುದಿಯುವ ಚಹಾಕ್ಕೂ ಬೆರಳೆತ್ತುತ್ತಿದ್ದರು, ಹೊರಟು ನಿಂತ ಬೀಗರಿಗೂ ಬೆರಳೆತ್ತುತ್ತಿದ್ದರು. ನನಗೆ ಹೆಣ್ಣು ನೋಡುವ ಮಾತು ಬಂದಾಗ ನನ್ನ ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿ, "ಇನ್ನ ಎಳಸ ಅದಾನ, ಎರಡ ವರ್ಷ ಬಿಡ್ರಿ" ಎಂದರು. ಅವ್ವ ಅಣ್ಣನ ಮಾತು ಮೀರಲಿಲ್ಲ. ಎರಡು ವರ್ಷದ ಮೇಲೆ ಮತ್ತೆ ಎರಡು ಬೆರಳು! ಈಗ ನನಗೆ ನಲವತ್ತು ದಾಟಿದೆ. ಯಾರಾದರೂ ಕೇಳಿದರೆ, "ಒಣದ್ರಾಕ್ಷಿ ಆಗ್ಯಾನ, ಇನ್ನ ಕೆಡೂದಿಲ್ಲ" ಎನ್ನುತ್ತಾರೆ. ಚಿಕ್ಕೋಡಿಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕುಕ್ಕರಿನ ಸೀಟಿ ಎಣಿಸುತ್ತ ಕೂತಾಗ ಆ ಮಾತಿನಲ್ಲಿ ಸತ್ಯವಿದೆ ಎನ್ನಿಸುತ್ತದೆ.

ನಾನು ರಸಾಯನಶಾಸ್ತ್ರ ಓದಿ ಕಾಲೇಜಿನಲ್ಲಿ ಪಾಠ ಮಾಡುವವನು. ಅಳೆಯದೆ ಏನನ್ನೂ ನಂಬುವುದಿಲ್ಲ. ಹಿಂದೊಮ್ಮೆ ಹಣ್ಣಿನ ಸಕ್ಕರೆ ಅಳೆಯುವ ಸಣ್ಣ ಮಾಪಕವನ್ನು ಜೇಬಿನಲ್ಲಿಟ್ಟುಕೊಂಡು ಮಾಮಾರ ಬೆನ್ನು ಹತ್ತಿ ಒಂದು ತೋಟಕ್ಕೆ ಹೋಗಿದ್ದೆ. ಅವರು ಎರಡು ಬೆರಳೆತ್ತಿದರು. ನನ್ನ ಮಾಪಕ ಇವತ್ತೇ ಎಂದಿತು. ಹಾಗಂತ ನನ್ನ ನೆನಪು. ಮಾಮಾರ ನೆನಪಿನಲ್ಲಿ ಮಾಪಕವೂ ಎರಡು ದಿನವನ್ನೇ ಹೇಳಿತ್ತು. ತೋಟದ ಯಜಮಾನನನ್ನು ಕೇಳಿದರೆ ಆ ದಿನ ನಾನು ಬಂದೇ ಇರಲಿಲ್ಲವಂತೆ! ಮೂವರಲ್ಲಿ ಯಾರನ್ನು ನಂಬುವುದು? ನನ್ನನ್ನು ನಾನು ನಂಬುವುದನ್ನು ಬಿಟ್ಟು ಬಹಳ ದಿನವಾಯಿತು. ಒಂದು ಮಾತ್ರ ನಿಜ. ಆಮೇಲೆ ಬೆಳೆಗಾರರು ಒಬ್ಬೊಬ್ಬರೇ ಆ ಮಾಪಕ ತರಿಸಿಕೊಂಡರು. ಹೋದ ವರ್ಷದ ಹಂಗಾಮಿನಲ್ಲಿ ಮಾಮಾರ ಬಾಗಿಲಿಗೆ ಒಂದೂ ಮೋಟರ್‌ಸೈಕಲ್ ಬರಲಿಲ್ಲ. ಫೆಬ್ರವರಿ ತುಂಬ ಅವರು ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದರು. ಕೇಳಿದರೆ ಬಿಸಿಲು ಕಾಯಿಸುತ್ತಿದ್ದೇನೆ ಎನ್ನುತ್ತಿದ್ದರು. ನಮ್ಮ ಕಡೆ ಫೆಬ್ರವರಿಯಲ್ಲಿ ಬಿಸಿಲು ಕಾಯಿಸುವವರು ಯಾರು?

ದೀಪಾವಳಿಗೆ ಹೋದಾಗ ಅವರೇ ಕಾರಿನ ಮಾತು ತೆಗೆದರು.

"ಅವ್ರ ಕರ್ಯಾಕ ಬರಲಿಲ್ಲಂದ್ರ ಏನಾತು, ನಾನ ಹೋಗ್ತೀನಿ. ಈ ಹಂಗಾಮಿನ್ಯಾಗ ನನಗ ಕಾರ್ ಬೇಕು. ಓಡಸಾಕ ನೀ ಅದೀ."

ಓಡಿಸುತ್ತೇನೆಂದು ನಾನೇ ಹಿಂದೆ ಒಪ್ಪಿದ್ದೆನಂತೆ. ಒಪ್ಪಿದ್ದು ನನಗೆ ನೆನಪಿಲ್ಲ. ಆದರೆ ಭಾನುವಾರಗಳಲ್ಲಿ ನನಗೆ ಬೇರೆ ಕೆಲಸವಿದ್ದದ್ದೂ ನೆನಪಿಲ್ಲ.

ನಿಪ್ಪಾಣಿಯ ಹೆದ್ದಾರಿ ಪಕ್ಕದ ಶೋರೂಮಿನಲ್ಲಿ ಮಾಮಾ ಮೆಚ್ಚಿದ್ದು ಎತ್ತರದ ಸೀಟಿನ ಒಂದು ಹಳೆಯ ಮಾದರಿಯನ್ನು. ಕೂತಲ್ಲಿಂದಲೇ ತೋಟದ ಚಪ್ಪರ ಕಾಣಬೇಕಲ್ಲ! ಅಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವ ಹುಡುಗಿ ಪ್ರಾಮಾಣಿಕಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಕಾಕಾ, ಈ ಮಾಡೆಲ್ ಬಂದ್ ಆಗಾಕತ್ತೈತ್ರಿ. ನಮ್ಮ ಕಡೆ ಉಳದದ್ದು ನಾಕ ಗಾಡಿ ಅಷ್ಟ. ತಿಂಗಳ ತಿಂಗಳ ಲೀಜಿನ ಬಾಡಿಗಿ ಇಳೀತೈತಿ, ಆದ್ರ ಗಾಡಿ ಯಾವಾಗ ಮುಗೀತಾವ ಹೇಳಾಕ ಬರೂದಿಲ್ರಿ."

ಬೇರೆ ಯಾರೇ ಆಗಿದ್ದರೂ ಗಾಬರಿಯಾಗಿ ಅಲ್ಲೇ ಸಹಿ ಹಾಕುತ್ತಿದ್ದರು. ಮಾಮಾರ ಮುಖ ಅರಳಿತು. ಬಾಡಿಗೆ ಇಳಿಯುವುದೆಂದರೆ ಸಿಹಿ ಏರುವುದು. ಗಾಡಿ ಮುಗಿಯುವುದೆಂದರೆ ಮಳೆ ಬೀಳುವುದು. ಇವೆರಡರ ನಡುವೆ ಒಂದು ದಿನ ಇರುತ್ತದೆ. ಇಷ್ಟು ಸರಳವಾದ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ!

ಅಲ್ಲಿಂದ ಶುರುವಾಯಿತು ನಮ್ಮ ಯಾತ್ರೆ. ಭಾನುವಾರ ಬೆಳಿಗ್ಗೆ ಮಾಮಾ ಅಥಣಿಯಿಂದ ಬಸ್ಸಿಗೆ ಚಿಕ್ಕೋಡಿಗೆ ಬರುವುದು, ಅಲ್ಲಿಂದ ನನ್ನ ಮೋಟರ್‌ಸೈಕಲ್ ಹಿಂದೆ ಕೂತು ನಿಪ್ಪಾಣಿಗೆ. ಶೋರೂಮಿನ ಹಿಂದಿನ ಅಂಗಳದಲ್ಲಿ ಆ ನಾಲ್ಕು ಕಾರುಗಳು ಧೂಳು ಹೊದ್ದು ನಿಂತಿರುತ್ತಿದ್ದವು. ಮಾಮಾ ಸೀಟನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು, ಬಾಗಿಲು ತೆರೆದು ಮೂಸುತ್ತಿದ್ದರು, ಕೊನೆಗೆ ಬಾನೆಟ್ಟಿನ ಮೇಲೆ ಒಂದು ಗೆರೆ ಎಳೆದು ಬೆರಳು ನೋಡುತ್ತಿದ್ದರು. ಹಣ್ಣಾದ ದ್ರಾಕ್ಷಿಯ ಮೇಲೆ ಬೂದಿಯಂಥದ್ದೊಂದು ಪದರ ಕೂರುತ್ತದಲ್ಲ, ಕಾರಿನ ಧೂಳು ಅವರಿಗೆ ಅದೇ ಆಗಿತ್ತು.

"ಬೂದಿ ಇನ್ನ ತೆಳ್ಳಗೈತಿ, ತಂಗಿ."

"ಒರಸಸ್ತೀನ್ರಿ, ಕಾಕಾ."

"ಒರಸಬ್ಯಾಡವಾ. ಒರಸಿದ್ರ ನನಗ ಹ್ಯಾಂಗ ತಿಳೀಬೇಕು?"

ಒಂದು ಸಲ ಬೋರಗಾಂವದ ಮಗ್ಗದ ಮಾಲೀಕರೊಬ್ಬರು ಅದೇ ಮಾದರಿ ನೋಡಲು ಬಂದಿದ್ದರು. ಮಾಮಾರ ಗತ್ತು ನೋಡಿ ಇವರಾರೋ ದೊಡ್ಡ ತಜ್ಞರೆಂದು ತಿಳಿದು, ಈಗ ತೊಗೊಳ್ಳಲೋ ತಡೆಯಲೋ ಎಂದು ಕೇಳಿಬಿಟ್ಟರು. ಮಾಮಾ ಅವರಿಗೆ ಬೇಕಾದ ಕಾರನ್ನು ಮುಟ್ಟಿ, ಕಣ್ಣು ಮುಚ್ಚಿ, ಕೈ ಝಾಡಿಸಿದರು. ಆ ಮನುಷ್ಯ ಅಲ್ಲೇ ಸಹಿ ಹಾಕಿದ! ನಾಲ್ಕರಲ್ಲಿ ಒಂದನ್ನು ಮಾಮಾರೇ ಕೈಯಾರೆ ಮಾರಿಕೊಟ್ಟಂತಾಯಿತು. ನಾನು ಸಿಟ್ಟಾದೆ. ಅವನಿಗೆ ಹಣ್ಣಾಗಿತ್ತು, ನಮಗಿನ್ನೂ ಆಗಿಲ್ಲ ಎಂಬುದು ಅವರ ಸಮಾಧಾನ. ಚಿಕ್ಕೋಡಿ ಮುಟ್ಟುವವರೆಗೆ ಬೆನ್ನ ಹಿಂದೆ ಏನೋ ಗುನುಗುತ್ತಿದ್ದರು. ಎಷ್ಟೋ ದಿನದ ಮೇಲೆ ಅವರನ್ನು ಒಬ್ಬರು ಕೇಳಿದ್ದರು.

ಮೂರು ಎರಡಾಯಿತು. ಬಾಡಿಗೆ ಇನ್ನಷ್ಟು ಇಳಿಯಿತು. ಇತ್ತ ಚಿಕ್ಕೋಡಿಯ ಸಂತೆಯಲ್ಲಿ ದ್ರಾಕ್ಷಿಯ ತಳ್ಳುಗಾಡಿಗಳು ಕಾಣತೊಡಗಿದವು. ಕೊಯ್ಲು ಶುರುವಾಯಿತೇ ಎಂದು ಮಾಮಾರಿಗೆ ಫೋನು ಮಾಡಿದೆ. ಅವು ಅವಸರದ ಹಣ್ಣು, ನಮ್ಮ ಕಡೆಯವರು ಅಷ್ಟು ಬೇಗ ಕೊಯ್ಯುವುದಿಲ್ಲ ಎಂದರು.

"ಮಾಮಾ, ಕಾರ್ ಯಾತಕ ಬೇಕಾಗಿತ್ತು ಅನ್ನೂದರ ನೆನಪೈತಿಲ್ಲ?"

"ನೆನಪಿನ ಮಾತ ನೀ ಆಡಬ್ಯಾಡ" ಎಂದು ಫೋನಿಟ್ಟರು.

ಮಾರ್ಚಿನ ಒಂದು ಭಾನುವಾರ ಅಂಗಳದಲ್ಲಿ ಒಂದೇ ಕಾರು ಉಳಿದಿತ್ತು. ಮಾಮಾ ಗೆರೆ ಎಳೆದರು. ಬೆರಳು ನೋಡಿದರು. ಶೋರೂಮಿನವರೆಲ್ಲ ಕೆಲಸ ಬಿಟ್ಟು ಕಿಟಕಿಗೆ ಬಂದರು. ಮಾಮಾ ಕೈ ಝಾಡಿಸಿದರು. ಒಳಗಿನಿಂದ ಚಪ್ಪಾಳೆ! ಮರುದಿನ ಆ ಹುಡುಗಿ ಫೋನು ಮಾಡಿ, ನಿನ್ನೆ ನಿಮ್ಮ ಹಿಂದೆಯೇ ಇಬ್ಬರು ಬಂದು ಬರಿಗೈಲಿ ಹೋದರು, ಇದಕ್ಕಿಂತ ಕಡಿಮೆ ಬಾಡಿಗೆಗೆ ಆ ಗಾಡಿ ಯಾರಿಗೂ ಸಿಕ್ಕಿಲ್ಲ ಎಂದಳು. ಸಂದೇಹವೇ ಸ್ವಭಾವವಾದ ನಾನು ಕೂಡ ಅವತ್ತು ತಲೆಬಾಗಿದೆ. ಒಂದು ದಿನವೂ ಹೆಚ್ಚಿಲ್ಲ, ಒಂದು ದಿನವೂ ಕಡಿಮೆಯಿಲ್ಲ.

ಮುಂದಿನ ಭಾನುವಾರ ಅಥಣಿಗೆ ಕಾರು ಒಯ್ದೆ. ಮಾಮಾ ಇಸ್ತ್ರಿ ಅಂಗಿ ತೊಟ್ಟು ಹಿಂದಿನ ಸೀಟಿನ ನಟ್ಟನಡುವೆ ಕೂತರು, ಎರಡೂ ಕಡೆ ಕಾಣಲಿ ಎಂದು. ಮೊದಲ ತೋಟ ಬಂತು. ಚಪ್ಪರದಲ್ಲಿ ಬರೀ ಎಲೆ. ಎರಡನೆಯದೂ ಹಾಗೆಯೇ. ನಾನು ಕನ್ನಡಿಯಲ್ಲಿ ನೋಡಲಿಲ್ಲ. ಮೂರನೆಯದು, ನಾನು ಬಂದೇ ಇರಲಿಲ್ಲ ಎಂದಿದ್ದ ಅದೇ ಯಜಮಾನನ ತೋಟ. ಆತ ಕಾರಿನ ಸದ್ದಿಗೆ ಹೊರಗೆ ಬಂದು, ಮಾಮಾರನ್ನು ಕಂಡು ಕತ್ತು ತುರಿಸಿಕೊಂಡ. ಕರೆಯಬೇಕೆಂದೇ ಇದ್ದನಂತೆ, ಅಷ್ಟರಲ್ಲಿ ಸಕ್ಕರೆ ಅಳೆಯುವ ಮಿಶನ್ ಇವತ್ತೇ ಎಂದಿತಂತೆ, ಕೊಯ್ದು ಹತ್ತು ದಿನವಾಯಿತಂತೆ. ಆಮೇಲೆ ಕಾರಿನ ಮೇಲೆ ಕೈಯಾಡಿಸಿದ.

"ಗಾಡಿ ಮಾತ್ರ ಬರೋಬ್ಬರಿ ಟೈಮಿಗೆ ಹಿಡದ್ರಿ ನೋಡ್ರಿ, ಕಾಕಾ."

"ಹೌದಪಾ" ಎಂದರು ಮಾಮಾ.

ಅವರು ಚಪ್ಪರದ ಕೆಳಗೆ ಬಾಗಿ ನಡೆದರು. ಎಲೆ ಸರಿಸಿ ಸರಿಸಿ ನೋಡಿ, ಕೊಯ್ಯುವವರ ಕಣ್ಣು ತಪ್ಪಿಸಿ ಉಳಿದಿದ್ದ ಒಂದು ಗೊನೆಯನ್ನು ಹುಡುಕಿದರು. ತುದಿಯ ಹಣ್ಣು ಕಿತ್ತು, ಕಣ್ಣು ಮುಚ್ಚಿ ಕಚ್ಚಿದರು. ಉಗುಳಲಿಲ್ಲ. ಕಣ್ಣು ಮುಚ್ಚಿಕೊಂಡೇ ಮೆಲ್ಲಗೆ ಅಗಿದರು. ಹತ್ತು ದಿನದ ಹಿಂದಿನ ರುಚಿಯನ್ನು ಆ ಹಣ್ಣಿನೊಳಗೆ ಹಿಂದಕ್ಕೆ ಎಣಿಸುತ್ತಿದ್ದರೆಂದು ನನಗೆ ಆಮೇಲೆ ಹೊಳೆಯಿತು.

"ಸರಿಯಾದ ದಿನಾನ ಕೊಯ್ದೀಪಾ" ಎಂದರು. "ನಾ ಬಂದಿದ್ರೂ ಅದನ್ನ ಹೇಳ್ತಿದ್ದೆ."

ಆ ಗೊನೆಯನ್ನು ಒಯ್ಯಲೇ ಎಂದು ಯಜಮಾನನನ್ನು ಕೇಳಿ ತಂದರು. ಈ ಸಲ ಹಿಂದೆ ಕೂರಲಿಲ್ಲ. ನನ್ನ ಪಕ್ಕಕ್ಕೆ ಬಂದು ಕೂತು, ಸ್ವಲ್ಪ ದೂರ ಹೋದ ಮೇಲೆ ಒಂದು ಹಣ್ಣು ಕಿತ್ತು ನನ್ನ ಅಂಗೈಯಲ್ಲಿಟ್ಟರು. ನಾನು ತಿಂದೆ. ಅದು ಬೆಲ್ಲದಂತಿತ್ತು. ನನ್ನ ಯಾವ ನೆನಪನ್ನು ಬೇಕಾದರೂ ನೀವು ಸಂದೇಹಿಸಿ, ಇದೊಂದನ್ನು ಬಿಟ್ಟು.

"ಹುಳಿ ಐತಿ, ಮಾಮಾ" ಎಂದೆ. "ಅವಸರ ಮಾಡ್ಯಾರ."

ಅವರು ನನ್ನನ್ನೇ ನೋಡಿದರು. ಇನ್ನೊಂದು ಹಣ್ಣು ಕಿತ್ತು ಕೊಟ್ಟರು. ಅದೂ ಹುಳಿ ಎಂದೆ. ಮತ್ತೊಂದು ಕೊಟ್ಟರು. ಅಥಣಿ ಬರುವಷ್ಟರಲ್ಲಿ ಗೊನೆ ಖಾಲಿಯಾಗಿತ್ತು. ಅದರಲ್ಲಿ ಒಂದೇ ಒಂದು ಹಣ್ಣೂ ಸರಿಯಾಗಿ ಹಣ್ಣಾಗಿರಲಿಲ್ಲ ಎಂದು ನಾವಿಬ್ಬರೂ ಒಪ್ಪಿಕೊಂಡಿದ್ದೆವು.