ಸಾಹುಕಾರರ ಪ್ರಿಂಟರಿಗೆ ಡ್ರೈವರ್ ಬೇಕಾಗಿದೆ

“ಇವತ್ತ ಒಂದೋ ಈ ಕಂಪ್ಯೂಟರ್ ಓಡಬೇಕು, ಇಲ್ಲಾ ನಾ ಮನಿ ಬಿಟ್ಟು ಓಡಬೇಕು!”

ಲಕ್ಷ್ಮೇಶ್ವರದ ಬೀಜ-ಗೊಬ್ಬರದ ವ್ಯಾಪಾರಿ ಹುಚ್ಚೀರಪ್ಪ ಸಾಹುಕಾರರು ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು, ಪಡಸಾಲೆಯಲ್ಲಿ ನಿಂತು ಈ ಘೋರ ಪ್ರತಿಜ್ಞೆ ಮಾಡಿದರು. ಅಡುಗೆಮನೆಯಲ್ಲಿದ್ದ ಅವರ ಹೆಂಡತಿ ಸುಮಿತ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದರು: “ನಾಷ್ಟಾ ಮಾಡಿ ಓಡ್ತೀರೋ, ಹಂಗ ಓಡ್ತೀರೋ?”

ಕಂಪ್ಯೂಟರ್ ಪಾಪದ್ದು, ಅದರ ತಪ್ಪೇನೂ ಇರಲಿಲ್ಲ. ಪಹಣಿ, ಆಧಾರ್ ಕಾರ್ಡುಗಳ ನಕಲಿಗೆಂದು ಝೆರಾಕ್ಸ್ ಅಂಗಡಿಯ ಮುಂದೆ ನಿಲ್ಲುವುದು ತಮ್ಮ ಘನತೆಗೆ ಕುಂದು ಎಂದು ಸಾಹುಕಾರರು ಮನೆಗೊಂದು ಪ್ರಿಂಟರ್ ತಂದರಲ್ಲ, ಅಂದಿನಿಂದ ಅದಕ್ಕೆ ಗ್ರಹಣ ಹಿಡಿಯಿತು. ಪ್ರಿಂಟರಿನ ಜೊತೆ ಬಂದ ಸಾಫ್ಟ್‌ವೇರ್ ಹಾಕಿದರು, ಕಂಪ್ಯೂಟರ್ ನಿಧಾನವಾಯಿತು. ಸರಿಯಾಗಿ ಕೂತಿಲ್ಲವೇನೋ ಎಂದು ಇನ್ನೊಮ್ಮೆ ಹಾಕಿದರು, ಇನ್ನೂ ನಿಧಾನವಾಯಿತು. ಛಲ ಬಿಡುವ ಪೈಕಿಯೇ ಅವರು? ಮತ್ತೆರಡು ಸಲ ಹಾಕಿದರು! ಈಗ ಗುಂಡಿ ಒತ್ತಿ, ಜಳಕ ಮಾಡಿ, ಪೂಜೆ ಮುಗಿಸಿ, ಪೇಪರಿನಲ್ಲಿ ನಿಧನವಾರ್ತೆಯವರೆಗೂ ಓದಿ ಬಂದರೂ ಪರದೆಯ ಮೇಲೆ ಆ ದುಂಡನೆಯ ಚಕ್ರ ತಿರುಗುತ್ತಲೇ ಇರುತ್ತಿತ್ತು.

ಇಂಥ ಪ್ರತಿಜ್ಞೆಗೆ ಅವರು ಆರಿಸಿಕೊಂಡ ದಿನವಾದರೂ ಎಂಥದ್ದು! ಎರಡು ದಿನ ಮಿರಗದ, ಅಂದರೆ ಮೃಗಶಿರಾ ಮಳೆ ಚೆನ್ನಾಗಿ ಬಿದ್ದು, ಶಿಗ್ಲಿ ರಸ್ತೆಯ ಹೊಲ ಹೆಸರು ಬಿತ್ತಲು ಹದಕ್ಕೆ ಬಂದಿತ್ತು. ಇವತ್ತು ಬಿತ್ತಿದರೆ ಬೆಳೆ, ಹದ ಆರಿದರೆ ಆಕಾಶ ನೋಡುತ್ತ ಕೂಡಬೇಕು. ಬಿತ್ತಬೇಕಾದವನು ದ್ಯಾಮಪ್ಪ. ಸಾಹುಕಾರರ ಟ್ರ್ಯಾಕ್ಟರ್ ಹೊಸದಾಗಿ ಬಂದ ದಿನದಿಂದ ಅವನೇ ಅದರ ಡ್ರೈವರ್. ಈಗ ಟ್ರ್ಯಾಕ್ಟರೂ ಮುದಿ, ಡ್ರೈವರೂ ಮುದಿ. ದ್ಯಾಮಪ್ಪ ಹೊಡೆಯುವಾಗ ಕೋಳಿಗಳು ಓವರ್‌ಟೇಕ್ ಮಾಡುತ್ತವೆ ಎಂದು ಓಣಿಯವರು ನಗುತ್ತಿದ್ದರು. ಆದರೆ ಅವನು ಬಿತ್ತಿದ ಸಾಲು ನೂಲು ಹಿಡಿದಂತೆ ನೆಟ್ಟಗೆ. ಮೇಲಾಗಿ ಆ ಟ್ರ್ಯಾಕ್ಟರ್ ಬೇರೆ ಯಾರ ಕೈಗೂ ಚಾಲೂ ಆಗುತ್ತಲೇ ಇರಲಿಲ್ಲ.

ಅರ್ಧ ತಾಸು ಕಳೆಯಿತು. ಚಕ್ರ ತಿರುಗುವುದನ್ನೂ ನಿಲ್ಲಿಸಿತು. ಸಾಹುಕಾರರು ಕಂಪ್ಯೂಟರಿನ ನೆತ್ತಿಗೊಂದು ಏಟು ಕೊಟ್ಟ ಸದ್ದಿಗೆ ಸುಮಿತ್ರವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು.

“ಏನಾತ್ರಿ?”

“ಹ್ಯಾಂಗ್ ಆತು!”

“ಹ್ಯಾಂಗ ಆತು?”

“ಹ್ಯಾಂಗ್ ಆತು ಅಂದ್ನೆಲ್ಲಾ!”

“ಅದನ್ನಽ ನಾನೂ ಕೇಳಾಕತ್ತೀನಿ, ಹ್ಯಾಂಗ ಆತು ಅಂತ!”

“ಏ ಮಾರಾಯ್ತಿ, ಅದು ಹ್ಯಾಂಗ ಹ್ಯಾಂಗ್ ಆತು ಅಂತ ನನಗೇನ್ ಗೊತ್ತು?”

“ಹ್ಯಾಂಗ ಆತು ಅನ್ನೂದಽ ಗೊತ್ತಿಲ್ಲಂದ್ರ ರಿಪೇರಿ ಹ್ಯಾಂಗ ಮಾಡ್ತೀರಿ? ಸುಮ್ನ ಗದಗಿಗೆ ಫೋನ್ ಹಚ್ಚರಿ, ವಿದ್ಯಾಶ್ರೀನ್ನ ಕೇಳ್ರಿ.”

ವಿದ್ಯಾಶ್ರೀ ಸಾಹುಕಾರರ ತಂಗಿಯ ಮಗಳು. ಗದಗಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ಸೋದರಸೊಸೆಯ ಮುಂದೆ ಸೋಲೊಪ್ಪುವುದೆಂದರೆ ಸಾಹುಕಾರರಿಗೆ ಸಂಕಟ. ಆದರೂ ‘ಬರೇ ಸಲಹೆ ಕೇಳ್ತೀನಿ’ ಎಂದು ಸಮಾಧಾನ ಹೇಳಿಕೊಂಡು ಫೋನ್ ಮಾಡಿದರು. ಅವರಿಗೆ ಫೋನಿನ ಮೇಲೆ ನಂಬಿಕೆ ಕಡಿಮೆ. ಗದಗಿನವರ ಜೊತೆ ಮಾತಾಡುವಾಗ ಫೋನ್ ಇಲ್ಲದಿದ್ದರೂ ಗದಗಿಗೆ ಮುಟ್ಟಬೇಕು, ಹಾಗೆ ಕೂಗುತ್ತಾರೆ!

“ಮಾಮಾ, ಒಂದ ಪ್ರಿಂಟರ್‌ಗೆ ನಾಕ ಸಲ ಸಾಫ್ಟ್‌ವೇರ್ ಹಾಕೀರಿ. ನಾಕೂ ಒಮ್ಮೆಲೇ ಎದ್ದು ಕುಂಡ್ರತಾವ, ಅದಕ್ಕ ಕಂಪ್ಯೂಟರ್ ತೇಕಾಕತ್ತೈತಿ,” ಎಂದಳು ವಿದ್ಯಾಶ್ರೀ, ಕಥೆಯೆಲ್ಲ ಕೇಳಿಕೊಂಡು. “ಪ್ರಿಂಟರ್ ನಡಸೂ ಸಾಫ್ಟ್‌ವೇರಿಗೆ ಡ್ರೈವರ್ ಅಂತಾರ. ನಿಮ್ಮ ಡ್ರೈವರ್ ಹಳೇದಾಗೈತಿ. ಅದನ್ನ ತಗದು ಹೊಸಾದ ಹಾಕ್ರಿ.”

ಹೇಳಿದ್ದನ್ನು ತಿರುಗಿ ಒಪ್ಪಿಸದಿದ್ದರೆ ಸಾಹುಕಾರರ ತಲೆಗೆ ಹತ್ತುವುದಿಲ್ಲ. ಒಪ್ಪಿಸತೊಡಗಿದರು, ಓಣಿಯ ತುದಿಯವರೆಗೂ ಕೇಳುವಂತೆ.

“ಹಾಂ! ಡ್ರೈವರ್ ಹಳೇದಾಗೈತಿ! ಖರೆ ಮಾತು! ಎಲ್ಲಾ ನಿಧಾನ ಆಗಿದ್ದು ಅದರಿಂದನಽ!... ತಗೀತೀನಿ, ಈಗಿಂದೀಗ ಅದನ್ನ ತಗದು ಒಗೀತೀನಿ!... ಏನು? ಅರ್ಧಾ ತಗದ್ರ ನಡಿಯೂದಿಲ್ಲಾ? ಹೆಸರ ಉಳೀದಂಗ ತಗೀತೀನಿ ಬಿಡವಾ!... ಹೂಂ, ಹೊಸಾ ಡ್ರೈವರ್ ಇವತ್ತಽ ಹಾಕೂದು!”

ಇಷ್ಟು ಹೊತ್ತೂ ಹೊರಗಿನ ಕಟ್ಟೆಯ ಮೇಲೆ, ಬಿತ್ತಲು ಹೊರಡಲೆಂದು ಬಂದಿದ್ದ ದ್ಯಾಮಪ್ಪ ಸುಮಿತ್ರವ್ವ ಕೊಟ್ಟ ಚಹಾ ಕುಡಿಯುತ್ತ ಕೂತಿದ್ದ. ಅದು ಸಾಹುಕಾರರಿಗೆ ಗೊತ್ತಿರಲಿಲ್ಲ. ಎದುರಿಗೇ ಪಂಕ್ಚರ್ ಅಂಗಡಿಯ ಖಲೀಲ ಎರಡೂ ಕಿವಿ ತೆರೆದುಕೊಂಡು ಟೈರು ಬಿಚ್ಚುತ್ತಿದ್ದ, ಅದೂ ಗೊತ್ತಿರಲಿಲ್ಲ.

ಸಾಹುಕಾರರು ಕಂಪ್ಯೂಟರ್ ಆರಿಸಿ, ಮತ್ತೆ ಹಚ್ಚಿ ಕೆಲಸಕ್ಕೆ ಬಿದ್ದರು. ತೆಗೆಯುವುದೆಂದರೆ ಅವರಿಗೆ ಭಾರಿ ಹುರುಪು. ‘ತೆಗೆಯಲೇ?’ ಎಂದು ಕಂಪ್ಯೂಟರ್ ಕೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ಒತ್ತುತ್ತ ಹೋದರು. ನಾಲ್ಕೂ ಹೋದವು. ಅವುಗಳ ಜೊತೆ ಅಕ್ಕಪಕ್ಕದ ನಿರಪರಾಧಿಗಳೂ ಹಲವು ಹೋದವು! ಪರದೆಯ ಅಕ್ಷರಗಳು ಕುಂಬಳಕಾಯಿಯಷ್ಟು ದಪ್ಪಗಾದವು. ಒಂದು ತಾಸು ಒದ್ದಾಡಿ ಕಂಪ್ಯೂಟರ್ ಮತ್ತೆ ಕಣ್ಣು ತೆರೆದಾಗ ಅದರ ಮೇಲೆ ಒಂದೇ ಮಾತು: ‘ಡ್ರೈವರ್ ನಾಟ್ ಫೌಂಡ್’.

ಸಾಹುಕಾರರ ಪಿತ್ತ ನೆತ್ತಿಗೇರಿತು. ಎದ್ದು ನಿಂತು ಗುಡುಗಿದರು: “ಡ್ರೈವರ್ ಸಿಗವಲ್ದಂತ! ಎಲ್ಲಿ ಹಾಳಾಗಿ ಹೋದ್ವು ಎಲ್ಲಾ ಡ್ರೈವರೂ?”

“ಇಲ್ಲೇ ಅದೇವ್ರಿ ಸಾವ್ಕಾರ್ರ!”

ಅಂಗಳದಿಂದ ಎಂಟು ಗಂಡು ದನಿಗಳು ಒಟ್ಟಿಗೆ ಬಂದ ಉತ್ತರ ಅದು. ಸಾಹುಕಾರರು ಹೊರಗೆ ಬಂದು ನೋಡುತ್ತಾರೆ, ಕಟ್ಟೆಯ ತುಂಬ ಡ್ರೈವರುಗಳು! ಶಿಗ್ಲಿಯಿಂದ ವೀರು ಬಂದಿದ್ದಾನೆ. ಹರ್ತಿಯ ಇಸಾಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಿಂದ ಲೈಸೆನ್ಸು ಕಾಣುವಂತೆ ಇಟ್ಟುಕೊಂಡು ಬಂದಿದ್ದಾನೆ. ಎಲ್ಲರ ಕೈಯಲ್ಲೂ ಉಪ್ಪಿಟ್ಟಿನ ತಾಟು. ನಡುವೆ ಖಲೀಲ, ಮದುವೆ ಕೂಡಿಸಿದ ಹಿರಿಯನ ಹಾಗೆ ನಗುತ್ತ ನಿಂತಿದ್ದಾನೆ.

“ನಿಮ್ಮ ಮಾತ ಕಿವಿಗೆ ಬಿದ್ದಕೂಡ್ಲೆ ಡ್ರೈವರ್ ಮಂದಿ ಗ್ರೂಪಿಗೆ ಹಾಕಿಬಿಟ್ಟೆ ನೋಡ್ರಿ ಸಾವ್ಕಾರ್ರ! ಎಷ್ಟ ಜಲ್ದಿ ಬಂದ್ರು!”

“ಯಾವ ಮಾತಲೇ ಖಲೀಲ?”

“ದ್ಯಾಮಣ್ಣನ್ನ ತಗದ ಮಾತರಿ.”

ಸಾಹುಕಾರರು ಹೆಂಡತಿಯ ಕಡೆ ತಿರುಗಿದರು. ಸುಮಿತ್ರವ್ವನ ಮುಖ ಕೆಂಡವಾಗಿತ್ತು. “ದ್ಯಾಮಣ್ಣ ಟ್ರ್ಯಾಕ್ಟರಿನ ಚಾವಿ ಹೊಸ್ತಿಲದ ಮ್ಯಾಲಿಟ್ಟು ಕೈಮುಗದು ಹೋದ. ಕುಡಿಯೂ ಚಹಾ ಅರ್ಧಾ ಬಿಟ್ಟು ಹೋದ್ರೀ ಆ ಮನಷಾ! ಎಷ್ಟ ಕರದ್ರೂ ತಿರುಗಿ ನೋಡ್ಲಿಲ್ಲ. ಒಳಗ ಬಂದು ನಿಮ್ಮನ್ನ ಕೇಳಿದ್ರ ಕಂಪ್ಯೂಟರ್ ನೋಡ್ಕೊಂತ ‘ತಗದೆ, ತಗದೆ, ಇನ್ನ ಎರಡ ಉಳದಾವು’ ಅಂದ್ರಿ. ಇಪ್ಪತ್ತ ವರ್ಷ ಮನಿ ಮಗನಂಗ ದುಡದಾಂವಗ ಹಿಂಗ ಮಾಡೂದಾ?”

“ಅಯ್ಯೋ ಶಿವನಽ! ನಾ ಅಂದಿದ್ದು ಪ್ರಿಂಟರ್ ಡ್ರೈವರ್!”

“ಪ್ರಿಂಟರ್‌ನ ಯಾವ ಹೊಲಕ್ಕ ಹೊಡೀತಾರ?” ಎಂದ ಇಸಾಕ, ಉಪ್ಪಿಟ್ಟು ನುಂಗುತ್ತ.

ಅಷ್ಟರಲ್ಲಿ ವೀರು ತನ್ನ ಕೈಚಳಕ ತೋರಿಸಲು ಟ್ರ್ಯಾಕ್ಟರ್ ಏರಿದ್ದ. ಅದು ಒಮ್ಮೆ ‘ಡುರ್’ ಎಂದು, ಎರಡು ಸಲ ಕೆಮ್ಮಿ, ‘ಪುಸ್’ ಎಂದು ಮಲಗಿತು. ಎಂಟೂ ಜನ ಪಾಳಿಯ ಮೇಲೆ ಏರಿ ಇಳಿದರು. ಅದು ಯಾರಿಗೂ ಬಗ್ಗಲಿಲ್ಲ. ಬಿಸಿಲೇರುತ್ತಿತ್ತು, ಹೊಲದ ಹದ ಆರುತ್ತಿತ್ತು. ಆದರೆ ಖರೆ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಸಾಹುಕಾರರಿಗೆ ಹೊಲಕ್ಕಿಂತ ಆ ಅರ್ಧ ಬಿಟ್ಟ ಚಹಾದ ಲೋಟವೇ ಹೆಚ್ಚು ಚುಚ್ಚಿತು. ಚಪ್ಪಲಿ ಹುಡುಕದೆ ಬರಿಗಾಲಲ್ಲೇ ದ್ಯಾಮಪ್ಪನ ಮನೆಗೆ ಓಡಿದರು.

ದ್ಯಾಮಪ್ಪ ಮನೆ ಮುಂದೆ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ. ಹೆಂಡತಿ ಮುತ್ತವ್ವ ಬಾಗಿಲಲ್ಲಿ ನಿಂತಿದ್ದಳು.

“ದ್ಯಾಮಪ್ಪಾ, ನಿನಗಲ್ಲೋ ಅಂದಿದ್ದು! ಕಂಪ್ಯೂಟರಿನ್ಯಾಗಿನ ಡ್ರೈವರ್‌ಗೆ ಅಂದಿದ್ದು!”

“ಆ ಡಬ್ಬ್ಯಾಗ ಡ್ರೈವರ್ ಕುಂತಿರ್ತಾನ? ಕಿವಿ ಮ್ಯಾಲೆ ಹೂ ಇಡಬ್ಯಾಡ್ರಿ ಸಾವ್ಕಾರ್ರ.” ದ್ಯಾಮಪ್ಪ ಗೋಡೆಯಿಂದ ಮುಖ ತಿರುಗಿಸಲಿಲ್ಲ. “ನಿಧಾನ ಅಂದ್ರಿ, ತಡಕೊಂಡೆ. ಹಳೇ ಡ್ರೈವರ್ ಅಂದ್ರಿ, ಅದೂ ಖರೇನಽ ಐತಿ. ಆದ್ರ ‘ಅದು’ ಅಂದ್ರಲ್ರೀ! ‘ಅದನ್ನ ತಗದು ಒಗೀತೀನಿ’ ಅಂದ್ರಿ. ‘ಅವನ್ನ’ ಅಂದಿದ್ರ ನಿಮ್ಮ ಗಂಟೇನ್ ಹೋಗ್ತಿತ್ತು? ನಾ ಏನ್ ಮುದಿ ಎಮ್ಮೀ ಏನ್ರಿ?”

ಸಾಹುಕಾರರಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಹೊರಸಿನ ಮೇಲೆ ಅವನ ಪಕ್ಕದಲ್ಲೇ ಕೂತುಬಿಟ್ಟರು. “ನಿನಗ ‘ಅದು’ ಅಂದ್ರ ನನ್ನ ನಾಲಿಗಿ ಬಿದ್ದು ಹೋಗ್ಲಿ. ನಡಿ ನಮ್ಮನಿಗೆ. ಆ ಡ್ರೈವರ್‌ನ ತೋರಸ್ತೀನಿ. ತೋರಸಲಿಲ್ಲಂದ್ರ ಮತ್ತ ಬಂದು ಕುಂಡ್ರುವಂತಿ.”

ಮುತ್ತವ್ವ ತೀರ್ಪು ಕೊಟ್ಟಳು: “ಹೋಗಿ ನೋಡಿ ಬರ್ರಿ. ಸುಳ್ಳಾದ್ರ ಬರೂಮುಂದ ಟ್ರ್ಯಾಕ್ಟರಿನ ಸೀಟಿನ ಮ್ಯಾಲಿನ ದಿಂಬು ಬಿಡಬ್ಯಾಡ್ರಿ. ಅದು ನಾ ಹೊಲಿದದ್ದು.”

ಕಂಪ್ಯೂಟರಿನ ಸುತ್ತ ಎಂಟು ಡ್ರೈವರು, ಖಲೀಲ, ದ್ಯಾಮಪ್ಪ, ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಸಾಹುಕಾರರು ಗದಗಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

“ಮಾಮಾ, ಹಳೇ ಡ್ರೈವರ್ ಪೂರಾ ಹೋತ?”

ಸಾಹುಕಾರರು ದ್ಯಾಮಪ್ಪನ ಮುಖ ನೋಡಿದರು. “ಹೋತು ಅನಬ್ಯಾಡವಾ... ಹೋದ್ರು ಅನ್ನು. ಹಳೇ ಡ್ರೈವರ್ ಅವರು ಹೋದ್ರು. ದೊಡ್ಡವರು, ಮನಸ್ಸಿಗೆ ಬ್ಯಾಸರ ಮಾಡ್ಕೊಂಡು ಹೋದ್ರು.”

ಗದಗಿನಲ್ಲಿ ವಿದ್ಯಾಶ್ರೀ ಗಾಬರಿಯಾದಳು. “ಮಾಮಾ, ಆರಾಮ ಅದೀರಿಲ್ಲೋ? ಅದು ಪ್ರಿಂಟರ್ ನಡಸೂ ಸಾಫ್ಟ್‌ವೇರ್! ಮನಷಾ ಅಲ್ಲ! ಅತ್ತೀ ಕೈಯಾಗ ಫೋನ್ ಕೊಡ್ರಿ!”

ದ್ಯಾಮಪ್ಪನ ಮೀಸೆ ಮೊದಲು ಅಲುಗಿತು. ಆಮೇಲೆ ಹೊಟ್ಟೆ ಅಲುಗಿತು. ಆಮೇಲೆ ಇಡೀ ಪಡಸಾಲೆಯೇ ಬಿದ್ದು ಬಿದ್ದು ನಗತೊಡಗಿತು. ವಿದ್ಯಾಶ್ರೀ ಹೇಳಿಕೊಟ್ಟಂತೆ ತೆಗೆದು ಹಾಕಿದ ನಿರಪರಾಧಿಗಳನ್ನು ಮೊದಲು ವಾಪಸು ಕರೆಸಿದರು. ಆಮೇಲೆ ಹೊಸ ಡ್ರೈವರ್ ಹಾಕಿದರು, ಒಂದೇ ಒಂದು. ಕಂಪ್ಯೂಟರ್ ಟಪ್ಪನೆ ತೆರೆಯಿತು. ಪ್ರಿಂಟರ್ ಗರಗರ ಎಂದು ಒಂದು ಹಾಳೆ ಉಗುಳಿತು. ಎಂಟೂ ಡ್ರೈವರುಗಳು ಚಪ್ಪಾಳೆ ತಟ್ಟಿದರು.

“ಕೆಲಸ ಸಿಗಲಿಲ್ಲಂದ್ರೂ ಉಪ್ಪಿಟ್ಟು ಚಲೋ ಇತ್ತವಾ,” ಎಂದು ಇಸಾಕ ಸುಮಿತ್ರವ್ವನಿಗೆ ಕೈಮುಗಿದ.

ದ್ಯಾಮಪ್ಪ ಟ್ರ್ಯಾಕ್ಟರಿನ ಚಾವಿ ಕೈಗೆ ತೆಗೆದುಕೊಂಡವನು ಬಾಗಿಲಲ್ಲಿ ನಿಂತ. “ಸಾವ್ಕಾರ್ರ, ಒಂದ ಮಾತ. ಹಿಂದಿನ ಆ ನಾಕ ಡ್ರೈವರ್‌ಗೆ ಪಗಾರ ಎಷ್ಟ ಕೊಡ್ತಿದ್ರಿ?”

“ಅವಕ್ಕೆಂಥಾ ಪಗಾರೋ! ಎಲ್ಲಾ ಪುಕ್ಕಟೆ!”

“ಹಂಗನ್ರಿ ಮತ್ತ! ಅದಕ್ಕಽ ನಿಧಾನ ಆಗಿದ್ದು. ಪಗಾರಿಲ್ದ ಯಾರರ ಜೋರ ಓಡ್ತಾರೇನ್ರಿ?”

ಮತ್ತೆ ನಗೆಯೋ ನಗೆ. ಸಾಹುಕಾರರೂ ತೊಡೆ ತಟ್ಟಿಕೊಂಡು ನಗುತ್ತಿರುವಾಗ, ಎಂಜಲು ತಾಟುಗಳ ರಾಶಿ ಎತ್ತಿಕೊಂಡು ಸುಮಿತ್ರವ್ವ ಬಂದು ಅದನ್ನು ಅವರ ಮುಂದೆ ಧಪ್ಪೆಂದು ಇಟ್ಟರು.

“ಯಾಕಿಲ್ಲ ದ್ಯಾಮಣ್ಣಾ? ಮುಂಜಾನಿಂದ ಎಂಟ ಮಂದಿ ಡ್ರೈವರ್‌ಗೆ ಉಪ್ಪಿಟ್ಟು ತಿರುವಿ, ಚಹಾ ಕಾಸಿ, ನಡುವ ರೊಟ್ಟಿನೂ ಬಡದಾಕಿ ನಾ. ಈ ಮನ್ಯಾಗ ಪಗಾರಿಲ್ದ ಜೋರ ಓಡಾಕಿ ನಾ ಒಬ್ಬಾಕೀನಽ. ಇವತ್ತಿನಿಂದ ನಾನೂ ಸ್ಲೋ!”

ಡ್ರೈವರುಗಳು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿದರು. ಹೊರಗೆ ಟ್ರ್ಯಾಕ್ಟರ್ ದ್ಯಾಮಪ್ಪನ ಕೈ ತಾಗಿದ್ದೇ ತಡ, ಒಂದೇ ಏಟಿಗೆ ಚಾಲೂ ಆಗಿ ನಿಧಾನಕ್ಕೆ ಶಿಗ್ಲಿ ರಸ್ತೆ ಹಿಡಿಯಿತು. ಒಳಗೆ ಬಚ್ಚಲಿನಲ್ಲಿ ಹುಚ್ಚೀರಪ್ಪ ಸಾಹುಕಾರರು ಧೋತರ ಎತ್ತಿ ಕಟ್ಟಿ ತಾಟು ತಿಕ್ಕಲು ಕೂತರು. ಪಗಾರವಿಲ್ಲ, ಬಿಡಿ. ಆದರೂ ಏನು ಸ್ಪೀಡು ಅಂತೀರಿ!