ಜುಂಜಮ್ಮನನ್ನು ಆರೋಗ್ಯವಂತನೆಂದು ಘೋಷಿಸಿದ್ದು

ಹಿರಿಯೂರು ತಾಲೂಕಿನ ಆದಿವಾಲದಲ್ಲಿ ನಡೆದ ಯಕೃತ್-ಹೃದಯ ತಪಾಸಣಾ ಅಭಿಯಾನವು ಶೇಕಡಾ ನೂರರಷ್ಟು ಯಶಸ್ವಿಯಾಯಿತು. ರಕ್ತದಲ್ಲಿ ಯಕೃತ್ತಿನ ಕಿಣ್ವ ಏರಿದವರಿಗೆ ಹೃದ್ರೋಗದ ಅಪಾಯವೂ ಹೆಚ್ಚಿರಬಹುದು, ಅಂಥವರಿಗೆ ಚಿತ್ರದುರ್ಗದಲ್ಲಿ ಹೃದಯ ಪರೀಕ್ಷೆಗೆ ಚೀಟಿ ಕೊಡತಕ್ಕದ್ದು ಎಂದು ಆದೇಶವಿತ್ತು.

ಕುರಿ ಕಾಯುವ ಜುಂಜಮ್ಮನಿಗೆ ಬೇಕಾಗಿದ್ದದ್ದು ಆ ಚೀಟಿಯೊಂದೇ. ಎರಡು ತಿಂಗಳಿಂದ ಕುರಿಗಳ ಹಿಂದೆ ದಿಣ್ಣೆ ಹತ್ತಿದರೆ ಎದೆ ಹಿಡಿದುಕೊಳ್ಳುತ್ತಿತ್ತು, ನೋವು ದವಡೆಯವರೆಗೂ ಬರುತ್ತಿತ್ತು. ಗಂಡ ಮುದ್ದಪ್ಪನಿಗೆ ಏನೂ ಆಗಿರಲಿಲ್ಲ. ಸಂಜೆ ಕುಡಿಯುತ್ತಿದ್ದ, ಚೆನ್ನಾಗಿ ನಿದ್ದೆ ಮಾಡುತ್ತಿದ್ದ.

ರಕ್ತದ ಫಲಿತಾಂಶ ಬಂತು. ಮುದ್ದಪ್ಪನದು ತೊಂಬತ್ತು, ಜುಂಜಮ್ಮನದು ನಲವತ್ತೆಂಟು. ನಮೂನೆಯಲ್ಲಿ ಅಚ್ಚಾಗಿದ್ದ ಮಿತಿ ಐವತ್ತೈದು.

"ಸಾರ್, ಇದು ಗಂಡಸರ ಮಿತಿ. ಹೆಂಗಸರದು ಇನ್ನೂ ಕಮ್ಮಿ ಐತೆ. ಈ ಅಮ್ಮಂದು ದಾಟೈತೆ," ಎಂದಳು ನರ್ಸ್ ಕೀರ್ತನಾ.

ಅಭಿಯಾನಾಧಿಕಾರಿ ಓಬಳೇಶಪ್ಪ ಕನ್ನಡಕ ಒರೆಸಿಕೊಂಡರು. "ಹೆಂಗಸರ ಮಿತಿ ಎರಡನೇ ಪುಟದಾಗಿತ್ತಮ್ಮ. ಕಾಗದ ಉಳಿಸ್ರಿ ಅಂತ ಸುತ್ತೋಲೆ ಬಂತು. ಉಳಿಸಿದ್ವಿ."

"ಹಂಗಾರೆ ನನ್ನ ಎದೆನೋವು ಯಾವ ಪುಟದಾಗೆ ಬರ್ಕಂತೀರಿ?" ಎಂದಳು ಜುಂಜಮ್ಮ.

"ಮೇಲಕ್ಕೆ ಬರೆದು ಕೇಳ್ತೀನಿ, ಕುಂತ್ಕಳ್ರಿ."

ಒಂಬತ್ತು ದಿನಕ್ಕೆ ಅಭಿಯಾನದ ಕಚೇರಿಯಿಂದ ಉತ್ತರ ಬಂತು: "ಪರಿಷ್ಕೃತ ನಮೂನೆ ಮುದ್ರಣವಾಗುವವರೆಗೆ, ಹಾಲಿ ನಮೂನೆಯಲ್ಲಿ ದಾಖಲಾದ ಮಹಿಳೆಯರನ್ನು ಪುರುಷರೆಂದು ಪರಿಗಣಿಸತಕ್ಕದ್ದು."

ಇದರಿಂದ ತಾಲೂಕಿನ ಮಹಿಳೆಯರಲ್ಲಿ ಹೃದ್ರೋಗದ ಅಪಾಯ ಒಂದೇ ಮಧ್ಯಾಹ್ನದಲ್ಲಿ ಸೊನ್ನೆಗಿಳಿಯಿತು. ಜುಂಜಮ್ಮನಿಗೆ 'ಪುರುಷ, ಆರೋಗ್ಯವಂತ' ಎಂಬ ಮೊಹರಿನ ಪ್ರಮಾಣಪತ್ರ ಸಿಕ್ಕಿತು, ಮುದ್ದಪ್ಪನಿಗೆ ಚೀಟಿ.

"ನಂಗೇನಾಗೈತ್ರಿ? ಇವಳನ್ನ ಕಳಿಸ್ರಿ," ಎಂದ ಮುದ್ದಪ್ಪ.

"ಏನಪ್ಪ, ಚೀಟಿ ನಿನ್ನ ಹೆಸರಲ್ಲೈತೆ. ಜೊತೆಗೆ ಆರೋಗ್ಯವಾಗಿರೋರು ಒಬ್ರು ಹೋಗ್ಬೇಕು, ದಾಖಲೆ ಸಮೇತ," ಎಂದರು ಓಬಳೇಶಪ್ಪ.

ಮನೆಯಲ್ಲಿ ಅಂಥ ದಾಖಲೆಯಿದ್ದದ್ದು ಜುಂಜಮ್ಮನ ಹತ್ತಿರ ಮಾತ್ರ. ಹೊರಟಳು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹೃದಯ ವಿಭಾಗ ಮೂರನೇ ಮಹಡಿಯಲ್ಲಿತ್ತು. ಲಿಫ್ಟು ರೋಗಿಗಳಿಗೆ ಮಾತ್ರ. ಮುದ್ದಪ್ಪ ಲಿಫ್ಟಿನಲ್ಲಿ ಹೋದ. ಜುಂಜಮ್ಮ ಅವನ ಬ್ಯಾಗು, ಬುತ್ತಿ, ಚಾದರ ಹೊತ್ತು ಮೆಟ್ಟಿಲು ಹತ್ತಿದಳು. ಒಂದೊಂದು ತಿರುವಿನಲ್ಲೂ ಎದೆ ಒತ್ತಿಕೊಂಡು ಕುಂತಳು, ಎದ್ದಳು. ಇಳಿದು ಬರುತ್ತಿದ್ದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬಾಗಿಲಲ್ಲಿ ಕಾವಲುಗಾರ ಕೊಟ್ರೇಶ್ ಕೋಲು ಅಡ್ಡ ಹಿಡಿದ. "ಗಂಡಸರ ವಾರ್ಡಮ್ಮ. ಹೆಂಗಸರನ್ನ ಬಿಡಂಗಿಲ್ಲ."

ಜುಂಜಮ್ಮನಿಗೆ ಮಾತಾಡಲು ಉಸಿರಿರಲಿಲ್ಲ. ಪ್ರಮಾಣಪತ್ರ ಚಾಚಿದಳು. ಕೊಟ್ರೇಶ್ ಅದನ್ನು ಎರಡು ಸಲ ಓದಿದ, ಮೊಹರನ್ನು ಬೆಳಕಿಗೆ ಹಿಡಿದು ನೋಡಿದ, ಕೋಲು ತೆಗೆದ.

"ಮೊದಲೇ ಹೇಳಬಾರದೇನಪ್ಪ," ಎಂದ. "ಹೋಗು ಒಳಗೆ."